ಸೌದಾ ಗಟ್ಟಿಯಾಗುವುದು ಯಾವ ಗಳಿಗೆಯಲ್ಲಿ?

ಈ ವಾರ ಬೀಜ, ಗೊಬ್ಬರ, ಕೀಟನಾಶಕಗಳ ಮಾತನ್ನು ಬದಿಗಿಡೋಣ. ಬೆಳೆದ ಮಾಲನ್ನು ಮಾರುವಾಗ ನಾವು ಆಡುವ ಮಾತಿನ ಬಗ್ಗೆ ಸ್ವಲ್ಪ ವಿಚಾರ ಮಾಡೋಣ. ಆರು ತಿಂಗಳು ಮೈಮುರಿದು ದುಡಿದು ಬೆಳೆದದ್ದನ್ನು ಒಂದು ಗಳಿಗೆಯ ಅಜಾಗ್ರತೆಯ ಮಾತಿನಿಂದ ಕಡಿಮೆ ಬೆಲೆಗೆ ಕೊಟ್ಟವರನ್ನು ನಾನು ಕಂಡಿದ್ದೇನೆ. ನೀವೂ ಕಂಡಿರುತ್ತೀರಿ.

ಹುಮನಾಬಾದ್ ತಾಲ್ಲೂಕಿನ ಹುಡಗಿ ಗ್ರಾಮಕ್ಕೆ ಹೋಗಿದ್ದಾಗ ಕೇಳಿದ ಸಂಗತಿಯಿಂದಲೇ ಆರಂಭಿಸುತ್ತೇನೆ. ತೊಗರಿಯ ರಾಶಿ ಮುಗಿದ ದಿನಗಳು. ಒಬ್ಬ ರೈತರ ಕಣದಲ್ಲಿ 20 ಕ್ವಿಂಟಲ್ ತೊಗರಿ ಹಸನಾಗಿ ಕುಳಿತಿತ್ತು. ಒಬ್ಬ ವ್ಯಾಪಾರಿ ಬಂದು, ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ, ದರ ಹೇಳಿದ. "ಸೋಮವಾರ ಗಾಡಿ ಕಳಿಸ್ತೀನಿ" ಎಂದ. ರೈತರು, "ಆಯ್ತರಿ ಸಾವಕಾರ್ರೇ, ಆದ್ರ ಚೀಲಾ ನಿಮ್ಮವು, ಹಮಾಲಿನೂ ನಿಮ್ದೇ" ಎಂದರು. ವ್ಯಾಪಾರಿ "ನೋಡೋಣಂತ" ಎಂದು ಗಾಡಿ ಹತ್ತಿ ಹೋದ.

ಅದೇ ಸಂಜೆ ಇನ್ನೊಬ್ಬ ಖರೀದಿದಾರ ಅದೇ ದರಕ್ಕೆ ಕೇಳಿಕೊಂಡು ಬಂದ. ನಮ್ಮ ರೈತರು ಪ್ರಾಮಾಣಿಕರು. "ಮಾತು ಕೊಟ್ಟಾಗ್ಯದ" ಎಂದು ಅವನನ್ನು ಹಿಂದಕ್ಕೆ ಕಳಿಸಿದರು. ಸೋಮವಾರ ಬಂತು, ಗಾಡಿ ಬರಲಿಲ್ಲ. ಆ ವಾರವೇ ಪೇಟೆಯ ದರ ಕ್ವಿಂಟಲಿಗೆ 300 ರೂಪಾಯಿ ಇಳಿಯಿತು. 20 ಕ್ವಿಂಟಲಿಗೆ 6,000 ರೂಪಾಯಿ ಹೋಯಿತು.

"ಸಾಹೇಬ್ರೆ, ಮಾತು ತಪ್ಪಿಸ್ಯಾನ್ರಿ. ದಾವಾ ಹಾಕಿದ್ರ ನಡಿತದೇನ್ರಿ?" ಎಂದು ಅವರು ನನ್ನನ್ನು ಕೇಳಿದರು. ನನಗೆ ಸಂಕೋಚವಾಯಿತು. ಎಕರೆಗೆ ಒಂದು ಚೀಲ ಹೆಚ್ಚು ಬೆಳೆಯುವುದು ಹೇಗೆಂದು ವರ್ಷಗಟ್ಟಲೆ ಅವರಿಗೆ ಹೇಳಿದ್ದೆ. ಬೆಳೆದ ಚೀಲವನ್ನು ಮಾತಿನಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಎಂದೂ ಹೇಳಿರಲಿಲ್ಲ. ಅವರಿಗೆ ನಾನು ಕೊಟ್ಟ ಉತ್ತರ ಕಹಿಯಾಗಿತ್ತು: "ದಾವಾ ನಡೆಯುವುದಿಲ್ಲ. ಏಕೆಂದರೆ ನಿಮ್ಮಿಬ್ಬರ ನಡುವೆ ಸೌದಾ ಆಗಿಯೇ ಇರಲಿಲ್ಲ."

ಹೀಗೇಕೆ ಎಂಬುದನ್ನು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಕಾಯಿದೆ ಹೇಳುವುದೇನು?

ವ್ಯವಹಾರದ ಮಾತುಗಳಿಗೆಲ್ಲ ನಮ್ಮ ದೇಶದಲ್ಲಿ ಆಧಾರವಾಗಿರುವುದು 1872ರ ಭಾರತೀಯ ಕರಾರು ಕಾಯಿದೆ. ಬೀದರ ಜಿಲ್ಲೆ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದುದರಿಂದ ಈ ಕಾಯಿದೆ ನಮ್ಮ ಭಾಗಕ್ಕೆ ಬಂದದ್ದು ಸ್ವಾತಂತ್ರ್ಯದ ನಂತರ, 1951ರಲ್ಲಿ. ಒಂದೂವರೆ ಶತಮಾನ ಹಳೆಯದಾದರೂ ಇಂದಿಗೂ ಜಾರಿಯಲ್ಲಿದೆ. ತೊಗರಿ ಮಾರುವವನಿಗೂ ವಿಮಾನ ಮಾರುವವನಿಗೂ ಅದು ಒಂದೇ.

ಅದರ ತಿರುಳು ಸರಳ. ಒಬ್ಬನು "ಇಷ್ಟಕ್ಕೆ ಕೊಡುತ್ತೇನೆ" ಅಥವಾ "ಇಷ್ಟಕ್ಕೆ ಕೊಳ್ಳುತ್ತೇನೆ" ಎಂದು ಎದುರಿನವನ ಒಪ್ಪಿಗೆ ಬಯಸಿ ಹೇಳುವುದು ಪ್ರಸ್ತಾವ. ಎದುರಿನವನು ಅದನ್ನು ಇದ್ದದ್ದು ಇದ್ದಂತೆ ಒಪ್ಪುವುದು ಸ್ವೀಕಾರ. ಮಾಲಿಗೆ ಹಣ, ಹಣಕ್ಕೆ ಮಾಲು ಎಂಬ ಕೊಡುಕೊಳ್ಳುವಿಕೆ ಪ್ರತಿಫಲ. ಈ ಮೂರೂ ಸೇರಿ, ಇಬ್ಬರೂ 18 ವರ್ಷ ದಾಟಿದವರಾಗಿ, ಬುದ್ಧಿ ನೆಟ್ಟಗಿದ್ದವರಾಗಿ, ಬೆದರಿಕೆ ಮೋಸಗಳಿಲ್ಲದೆ ಒಪ್ಪಿದ್ದರೆ, ಕೆಲಸವು ಕಾನೂನಿಗೆ ವಿರುದ್ಧವಲ್ಲದಿದ್ದರೆ, ಅದು ಕರಾರು. ನ್ಯಾಯಾಲಯ ಅದನ್ನು ನಡೆಸಿಕೊಡುತ್ತದೆ.

ಇದರಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಒಂದೇ ಒಂದು. ಸ್ವೀಕಾರದ ಗಳಿಗೆಯವರೆಗೆ ಇಬ್ಬರೂ ಸ್ವತಂತ್ರರು. ಆ ಗಳಿಗೆ ದಾಟಿದ ಮೇಲೆ ಇಬ್ಬರೂ ಬದ್ಧರು. ವ್ಯಾಪಾರಿಗಷ್ಟೇ ಅಲ್ಲ, ರೈತನಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಆ ಗಳಿಗೆ ಯಾವುದು ಎಂದು ಗುರುತಿಸಲು ಬರಬೇಕು.

ದರ ಹೇಳಿದ್ದೆಲ್ಲ ಪ್ರಸ್ತಾವವಲ್ಲ

ಪೇಟೆಯಲ್ಲಿ ದಿನವಿಡೀ ದರದ ಮಾತೇ. "ಈ ಎತ್ತಿಗೆ ಎಷ್ಟು?" "ಎಂಬತ್ತು ಸಾವಿರಕ್ಕೆ ಕಡಿಮೆ ಇಲ್ಲ." ಇಷ್ಟು ಹೇಳಿದ ಮಾತ್ರಕ್ಕೆ ಎತ್ತಿನ ಯಜಮಾನ ಎಂಬತ್ತು ಸಾವಿರಕ್ಕೆ ಕೊಡಲು ಕಟ್ಟುಬಿದ್ದನೇ? ಇಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣವೊಂದಿದೆ. ಮಡಿಕೇರಿಯಲ್ಲಿ ಒಂದು ಬಂಗಲೆ ಮಾರಾಟದ ಮಾತುಕತೆ ನಡೆದಿತ್ತು. ಕೊಳ್ಳುವವರಿಂದ 6,000 ರೂಪಾಯಿಯ ಮಾತು ಹೋಯಿತು. ದೂರದಲ್ಲಿದ್ದ ಮಾಲೀಕರಿಂದ "ಹತ್ತು ಸಾವಿರಕ್ಕೆ ಕಡಿಮೆ ಒಪ್ಪುವುದಿಲ್ಲ" ಎಂದು ತಂತಿ ಬಂತು. ಕೊಳ್ಳುವವರು "ಹತ್ತು ಸಾವಿರಕ್ಕೆ ಒಪ್ಪಿದೆ" ಎಂದರು. ಆದರೆ ಮಾಲೀಕರು ಬಂಗಲೆಯನ್ನು ಇನ್ನೊಬ್ಬರಿಗೆ ಮಾರಿದರು. ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ ಎಂಬ ಹೆಸರಿನ ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1951ರಲ್ಲಿ ತೀರ್ಮಾನವಾಯಿತು. ಕರಾರು ಆಗಿಲ್ಲ ಎಂದು ನ್ಯಾಯಾಲಯ ಹೇಳಿತು. "ಇಷ್ಟಕ್ಕೆ ಕಡಿಮೆ ಒಪ್ಪುವುದಿಲ್ಲ" ಎಂಬುದು ಮಾರುವ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಿರೆಂಬ ಕರೆ ಮಾತ್ರ. ಕೊಳ್ಳುವವರ "ಹತ್ತು ಸಾವಿರ" ಎಂಬ ಮಾತೇ ನಿಜವಾದ ಪ್ರಸ್ತಾವ, ಅದನ್ನು ಮಾಲೀಕರು ಒಪ್ಪಿರಲೇ ಇಲ್ಲ.

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ನಡೆಯುವುದೂ ಇದೇ ಕ್ರಮ. ನೀವು ರಾಶಿ ಹಾಕಿದ್ದು ಕರೆ. ವರ್ತಕರು ಹಾಕುವ ಟೆಂಡರು ಪ್ರಸ್ತಾವ. ಹೆಚ್ಚಿನ ಟೆಂಡರಿನ ದರವೂ ನಿಮಗೆ ಸರಿಬರದಿದ್ದರೆ ಒಪ್ಪದೆ ಇರುವ ಹಕ್ಕು ನಿಮ್ಮದು. ಬಹಿರಂಗ ಹರಾಜಿನಲ್ಲೂ ಅಷ್ಟೆ. 1930ರ ಸರಕು ಮಾರಾಟ ಕಾಯಿದೆಯ 64ನೇ ಕಲಮಿನಂತೆ ಸುತ್ತಿಗೆ ಬಿದ್ದಾಗ, ಅಥವಾ ರೂಢಿಯಂತೆ ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ಹಿಂದಕ್ಕೆ ಪಡೆಯಬಹುದು.

'ಆದರೆ' ಎಂಬ ಬಾಲ

ಈಗ ಹುಡಗಿಯ ರೈತರ ವಿಷಯಕ್ಕೆ ಬರೋಣ. ವ್ಯಾಪಾರಿ ಹೇಳಿದ್ದು ಸ್ಪಷ್ಟವಾದ ಪ್ರಸ್ತಾವವೇ: ಇಂಥ ಮಾಲು, ಇಂಥ ದರ, ಇಂಥ ದಿನ. ರೈತರು "ಆಯ್ತರಿ" ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಆ ಗಳಿಗೆಯಲ್ಲೇ ಕರಾರು ಆಗುತ್ತಿತ್ತು. ಅವರು "ಆದ್ರ" ಎಂದು ಚೀಲ, ಹಮಾಲಿ ಸೇರಿಸಿದರು. ಕಾಯಿದೆಯ 7ನೇ ಕಲಮು ಹೇಳುವಂತೆ ಸ್ವೀಕಾರ ಪೂರ್ಣವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಒಪ್ಪಿಗೆಗೆ ಬಾಲ ಇರಕೂಡದು.

ಬಾಲ ಅಂಟಿಸಿದ ಒಪ್ಪಿಗೆ ಒಪ್ಪಿಗೆಯಲ್ಲ. ಅದು ಹೊಸ ಪ್ರಸ್ತಾವ. ಅಷ್ಟೇ ಅಲ್ಲ, ಮೊದಲಿನ ಪ್ರಸ್ತಾವವನ್ನು ಅದು ಕೊಂದುಹಾಕುತ್ತದೆ. ಈಗ "ಹೂಂ" ಎನ್ನಬೇಕಾದವನು ವ್ಯಾಪಾರಿ. ಅವನು ಹೇಳಿದ್ದು "ನೋಡೋಣಂತ". ಇದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಅಲ್ಲಿಗೆ ಯಾರೂ ಯಾರಿಗೂ ಕಟ್ಟುಬಿದ್ದಿರಲಿಲ್ಲ. ರೈತರು ಮಾತ್ರ ತಾನು ಕಟ್ಟುಬಿದ್ದೆನೆಂದು ಭಾವಿಸಿ ಎರಡನೆಯ ಗಿರಾಕಿಯನ್ನು ಬಿಟ್ಟುಕೊಟ್ಟರು.

ಹಾಗಾದರೆ ಚೀಲ, ಹಮಾಲಿಯ ಮಾತು ಆಡಲೇಬಾರದೇ? ಆಡಬೇಕು. ಆದರೆ ಷರತ್ತಾಗಿ ಅಲ್ಲ, ಪ್ರಶ್ನೆಯಾಗಿ, ಒಪ್ಪುವುದಕ್ಕೆ ಮುಂಚೆ. "ಚೀಲ ಯಾರವು? ಹಮಾಲಿ ಯಾರದು? ತೂಕ ಯಾವ ಕಾಟಾದಲ್ಲಿ? ಹಣ ಯಾವತ್ತು?" ಎಂದು ಕೇಳಿದರೆ ಪ್ರಸ್ತಾವ ಸಾಯುವುದಿಲ್ಲ, ಕೇಳುವುದು ಕೇಳುವುದೇ. ಉತ್ತರ ಬಂದ ಮೇಲೆ ನಿಮ್ಮ "ಆಯ್ತು" ಎಂಬ ಒಂದೇ ಮಾತು ಸಾಕು. ಷರತ್ತು ಹಾಕಿಯೇ ಬಿಟ್ಟಿದ್ದರೆ, ಎದುರಿನವನ ಬಾಯಿಂದ ಸ್ಪಷ್ಟವಾಗಿ "ಒಪ್ಪಿದೆ" ಎಂದು ಬರುವವರೆಗೆ ಅವನನ್ನು ಕಣದಿಂದ ಏಳಗೊಡಬೇಡಿ. ಎದ್ದು ಹೋದರೆ ಮಾಲು ಇನ್ನೂ ನಿಮ್ಮದೇ ಎಂದು ತಿಳಿಯಿರಿ, ಬೇರೆಯವರಿಗೆ ಕೊಡಲು ಹಿಂಜರಿಯಬೇಡಿ.

ಹಿಂದಕ್ಕೆ ಪಡೆಯುವುದು ಎಲ್ಲಿಯವರೆಗೆ?

"ಗುರುವಾರದವರೆಗೆ ಇದೇ ದರ ಇಟ್ಟಿರ್ತೀನಿ, ವಿಚಾರ ಮಾಡಿ ಹೇಳಿ" ಎಂದು ಖರೀದಿದಾರ ಹೇಳುವುದುಂಟು. ಗುರುವಾರ ಬೆಳಿಗ್ಗೆ ನೀವು ಒಪ್ಪಲು ಹೋದರೆ, "ಬುಧವಾರವೇ ಬೇಡ ಅಂತ ಹೇಳಿ ಕಳಿಸಿದ್ದೆನಲ್ಲ" ಎನ್ನುತ್ತಾನೆ. ಇದು ಕಾನೂನಿಗೆ ವಿರುದ್ಧವೇ? ಅಲ್ಲ. ಪ್ರಸ್ತಾವವನ್ನು ಸ್ವೀಕಾರಕ್ಕೆ ಮುಂಚೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದೆಂದು 5ನೇ ಕಲಮು ಹೇಳುತ್ತದೆ. ಹಿಂದಕ್ಕೆ ಪಡೆದ ಸುದ್ದಿ ಮಾತ್ರ ನೀವು ಒಪ್ಪುವುದಕ್ಕೆ ಮುಂಚೆ ನಿಮ್ಮನ್ನು ಮುಟ್ಟಿರಬೇಕು. ಅವನ ಮನಸ್ಸಿನಲ್ಲೇ ಬದಲಾದರೆ ಸಾಲದು.

ಗುರುವಾರದವರೆಗೆ ಅವನು ನಿಜವಾಗಿ ಕಾಯಬೇಕೆಂದು ನೀವು ಬಯಸಿದರೆ, ಆ ಕಾಯುವಿಕೆಗೇ ಪ್ರತಿಫಲ ಇರಬೇಕು. ಸಣ್ಣದೊಂದು ಮೊತ್ತವನ್ನು ಆ ಮಾತಿಗಾಗಿಯೇ ಕೊಟ್ಟು ಚೀಟಿ ಬರೆಸಿಕೊಂಡರೆ ಅವನು ಮಾತಿಗೆ ಬದ್ಧ. ನೀವೂ ಯಾರಿಗಾದರೂ ಹೀಗೆ ಗಡುವು ಕೊಟ್ಟಾಗ ಇದೇ ನಿಯಮ.

ಅವಧಿ ಹೇಳಿದ್ದರೆ ಅವಧಿ ಮುಗಿದೊಡನೆ ಪ್ರಸ್ತಾವ ತಾನಾಗಿ ಬಿದ್ದುಹೋಗುತ್ತದೆ. ಅವಧಿ ಹೇಳದಿದ್ದರೆ 'ಸಮಂಜಸವಾದ ಕಾಲ'ದ ನಂತರ ಬಿದ್ದುಹೋಗುತ್ತದೆ. ಒಂದು ಭೂಮಿಗೆ ಅದು ವಾರಗಟ್ಟಲೆ ಆಗಬಹುದು. ಕಿತ್ತಿಟ್ಟ ಟೊಮ್ಯಾಟೊ ಹಣ್ಣಿಗೆ ಒಂದು ದಿನವೂ ಹೆಚ್ಚು. ಅಂಚೆಯ ಮೂಲಕ ವ್ಯವಹರಿಸುವವರಿಗೆ ಇನ್ನೊಂದು ನಿಯಮ: ನಿಮ್ಮ ಒಪ್ಪಿಗೆಯ ಪತ್ರ ಅಂಚೆ ಡಬ್ಬಿಗೆ ಬಿದ್ದೊಡನೆ ಪ್ರಸ್ತಾವ ಮಾಡಿದವನು ಕಟ್ಟುಬೀಳುತ್ತಾನೆ. ನೀವು ಕಟ್ಟುಬೀಳುವುದು ಆ ಪತ್ರ ಅವನ ಕೈ ಸೇರಿದಾಗ.

ಮೌನ ಸಮ್ಮತಿಯಲ್ಲ

ಮೌನವೇ ಸಮ್ಮತಿ ಎಂದು ನಾವು ಮದುವೆ ಮಾತುಕತೆಯಲ್ಲಿ ಹೇಳುತ್ತೇವೆ. ವ್ಯಾಪಾರದಲ್ಲಿ ಆ ಮಾತು ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ತೀರ್ಪಾದ ಒಂದು ಕುದುರೆಯ ಕಥೆ ಇದಕ್ಕೆ ಪ್ರಸಿದ್ಧ. ಚಿಕ್ಕಪ್ಪನೊಬ್ಬ ಅಣ್ಣನ ಮಗನಿಗೆ ಬರೆದ: "ಕುದುರೆಗೆ ಇಷ್ಟು ಕೊಡುತ್ತೇನೆ. ನಿನ್ನಿಂದ ಉತ್ತರ ಬರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ." ಹುಡುಗ ಉತ್ತರ ಬರೆಯಲಿಲ್ಲ. ಮನಸ್ಸಿನಲ್ಲಿ ಒಪ್ಪಿದ್ದ, ಹರಾಜಿನವನಿಗೆ ಆ ಕುದುರೆ ಮಾರಬೇಡವೆಂದೂ ಹೇಳಿದ್ದ. ಹರಾಜಿನವನು ಮರೆತು ಮಾರಿದ. ಚಿಕ್ಕಪ್ಪ ಅವನ ಮೇಲೆ ದಾವೆ ಹೂಡಿ ಸೋತ. ಒಪ್ಪಿಗೆಯನ್ನು ಚಿಕ್ಕಪ್ಪನಿಗೆ ತಿಳಿಸಿಯೇ ಇರಲಿಲ್ಲವಾದ್ದರಿಂದ ಕುದುರೆ ಅವನದಾಗಿರಲಿಲ್ಲ.

ಇದರ ಪಾಠ ನಮಗೆ ಬೇಕಾದದ್ದು. "ನಾಳೆ ಸಂಜೆಯೊಳಗೆ ಬೇಡ ಅನ್ನದಿದ್ದರೆ ಮಾಲು ನನ್ನದೇ" ಎಂದು ಯಾರಾದರೂ ಹೇಳಿಹೋದರೆ ಅಂಜಬೇಡಿ. ನಿಮ್ಮ ಮೌನದಿಂದ ಅವನು ನಿಮ್ಮನ್ನು ಕಟ್ಟಲಾರ. ನೀವು ಹಾಗೆ ಹೇಳಿದರೂ ಅವನು ಕಟ್ಟುಬೀಳುವುದಿಲ್ಲ.

ಆದರೆ ಮಾತಾಡದಿರುವುದೆಲ್ಲ ಮೌನವಲ್ಲ ಎಂಬುದನ್ನೂ ಗಮನಿಸಿ. ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ರೂಢಿ ನಮ್ಮಲ್ಲಿದೆ. ದೇವಣಿ ಹೋರಿಯ ಬೆಲೆ ಒಂದು ಮಾತೂ ಹೊರಡದೆ ಬೆರಳುಗಳಲ್ಲೇ ತೀರ್ಮಾನವಾಗುತ್ತದೆ. ಬೆರಳು ಅದುಮಿದ್ದು, ಕೈಮೇಲೆ ಕೈ ಹಾಕಿದ್ದು, ಹಗ್ಗ ಬಿಚ್ಚಿ ಕೈಗೆ ಕೊಟ್ಟದ್ದು, ಇವೆಲ್ಲ ಕೃತಿಯಿಂದ ಕೊಟ್ಟ ಒಪ್ಪಿಗೆ. ಕಾಯಿದೆ ಇದನ್ನೂ ಮಾನ್ಯ ಮಾಡುತ್ತದೆ. ಕಳುಹಿಸಿದ ಗಾಡಿಗೆ ನೀವು ಮಾಲು ತುಂಬಿಸಿದರೆ, ಬಾಯಿಬಿಡದಿದ್ದರೂ ನೀವು ಒಪ್ಪಿದಂತೆಯೇ.

ಫೋನಿನಲ್ಲಿ ಆದ ಸೌದಾ

ಇಂದು ಸೌದಾಗಳು ಹೆಚ್ಚಾಗಿ ಆಗುವುದು ಮೊಬೈಲಿನಲ್ಲಿ. ಹುಡಗಿಯ ರೈತ ಹೊಲದಲ್ಲಿ ನಿಂತು ಸೊಲ್ಲಾಪುರದ, ಹೈದರಾಬಾದಿನ ಖರೀದಿದಾರನೊಡನೆ ಮಾತಾಡುತ್ತಾನೆ. ಅಂಥ ಕರಾರು ಆಗುವುದು ಯಾವ ಊರಿನಲ್ಲಿ?

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ನಾವು ದನಕ್ಕೆ ಹಾಕುವ ಹತ್ತಿಕಾಳಿನ ಹಿಂಡಿಯ ವ್ಯವಹಾರದಲ್ಲಿ. 1959ರ ಜುಲೈ 22ರಂದು ಅಹಮದಾಬಾದಿನ ಸಂಸ್ಥೆಯೊಂದು ಮಹಾರಾಷ್ಟ್ರದ ಖಾಮಗಾಂವದ ಕೇಡಿಯಾ ಗಿರಣಿಗೆ ಫೋನು ಮಾಡಿ ಹಿಂಡಿ ಕೊಳ್ಳುವ ಮಾತಾಡಿತು. ಗಿರಣಿಯವರು ಫೋನಿನಲ್ಲೇ ಒಪ್ಪಿದರು. ಮಾಲು ಬರಲಿಲ್ಲವೆಂದು ಕೊಂಡವರು 31,150 ರೂಪಾಯಿಗೆ ಅಹಮದಾಬಾದಿನಲ್ಲಿ ದಾವೆ ಹೂಡಿದರು. "ಒಪ್ಪಿದ ಮಾತು ಆಡಿದ್ದು ಖಾಮಗಾಂವದಲ್ಲಿ, ಅಲ್ಲಿಗೇ ಬನ್ನಿ" ಎಂದು ಗಿರಣಿಯವರ ವಾದ. 1965ರಲ್ಲಿ ನ್ಯಾಯಾಲಯ ಬಹುಮತದಿಂದ ಹೇಳಿದ್ದು: ಫೋನಿನ ಮಾತು ಎದುರುಬದುರು ಕೂತು ಆಡಿದ ಮಾತಿನಂತೆ. ಒಪ್ಪಿಗೆ ಯಾವ ಊರಿನಲ್ಲಿ ಕೇಳಿಸಿತೋ ಆ ಊರಿನಲ್ಲಿ ಕರಾರು. ಆದ್ದರಿಂದ ಅಹಮದಾಬಾದಿನ ದಾವೆ ಸರಿ.

ಇದರ ಉಪಯೋಗ ನೋಡಿ. ನೀವು ಹುಡಗಿಯಿಂದ ಫೋನು ಮಾಡಿ, "ಇಂಥ ಮಾಲು, ಇಂಥ ದರಕ್ಕೆ ಕೊಡುತ್ತೇನೆ" ಎಂದು ಹೇಳಿ, ಸೊಲ್ಲಾಪುರದವನು "ಆಯ್ತು" ಎಂದದ್ದು ನಿಮ್ಮ ಕಿವಿಗೆ ಬಿದ್ದರೆ, ಕರಾರು ಹುಡಗಿಯಲ್ಲಿ ಆಯಿತು. ಅವನು ದರ ಹೇಳಿ ನೀವು ಒಪ್ಪಿದರೆ ಅದು ಸೊಲ್ಲಾಪುರದಲ್ಲಿ ಆದಂತೆ. ಮಾಲು ಎಲ್ಲಿ ಕೊಡಬೇಕು, ಹಣ ಎಲ್ಲಿ ಮುಟ್ಟಬೇಕು ಎಂಬುದೂ ನ್ಯಾಯಾಲಯ ಯಾವುದೆಂದು ನಿರ್ಧರಿಸುವಾಗ ಎಣಿಕೆಗೆ ಬರುತ್ತದೆ. ಆದರೂ ಪ್ರಸ್ತಾವ ನಿಮ್ಮಿಂದ ಹೋಗುವುದು ಒಳ್ಳೆಯದು. ಮೋಸವಾದಾಗ ಬಸ್ಸು ಹತ್ತಿ ಪರರಾಜ್ಯದ ಕೋರ್ಟಿಗೆ ಅಲೆಯುವುದು ಸಣ್ಣ ರೈತನ ಕೈಲಾಗುವ ಕೆಲಸವಲ್ಲ.

ಲೈನು ಕಡಿದು ನಿಮ್ಮ "ಆಯ್ತು" ಅವನಿಗೆ ಕೇಳಿಸದಿದ್ದರೆ ಒಪ್ಪಿಗೆ ಆಗಿಲ್ಲ. ಮತ್ತೆ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಮಾತು ಮುಗಿದ ಕೂಡಲೇ "ತೊಗರಿ 20 ಕ್ವಿಂಟಲ್, ಇಂಥ ದರ, ಚೀಲ ನಿಮ್ಮವು, ಸೋಮವಾರ ಗಾಡಿ, ಅಂದೇ ಹಣ. ಸರಿ ತಾನೇ?" ಎಂದು ವಾಟ್ಸಾಪಿನಲ್ಲೋ ಸಾದಾ ಸಂದೇಶದಲ್ಲೋ ಕಳಿಸಿ. ಅವನಿಂದ "ಸರಿ" ಎಂದು ಬಂದರೆ ಅಳಿಸದೆ ಇಟ್ಟುಕೊಳ್ಳಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮಿನಂತೆ, ವಿದ್ಯುನ್ಮಾನ ಸಂದೇಶದಲ್ಲಿ ಆದುದೆಂಬ ಒಂದೇ ಕಾರಣಕ್ಕೆ ಕರಾರನ್ನು ಅಸಿಂಧುವೆನ್ನುವಂತಿಲ್ಲ.

ಬಾಯಿಮಾತಿಗೆ ಬೆಲೆ ಇದೆಯೇ?

"ಕಾಗದ ಇಲ್ಲದ ಮೇಲೆ ಏನು ಮಾಡೋದು" ಎಂದು ಕೈಚೆಲ್ಲುವವರೇ ಹೆಚ್ಚು. ಇದು ತಪ್ಪು ತಿಳುವಳಿಕೆ. ಕಾಳುಕಡಿ, ದನ, ಮೇವು ಮುಂತಾದ ಚರ ವಸ್ತುಗಳ ಮಾರಾಟಕ್ಕೆ ಬಾಯಿಮಾತು ಸಾಕು. ಕಾಗದ ಬೇಕಾಗುವುದು ಕರಾರು ಹುಟ್ಟುವುದಕ್ಕಲ್ಲ, ಹುಟ್ಟಿದ್ದನ್ನು ರುಜುವಾತು ಪಡಿಸುವುದಕ್ಕೆ. ಭೂಮಿಯ ವಿಷಯ ಮಾತ್ರ ಬೇರೆ. ನೂರು ರೂಪಾಯಿ ಮೀರಿದ ಬೆಲೆಯ ಸ್ಥಿರ ಆಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ.

ಇಸಾರದ ಬಗ್ಗೆಯೂ ಹೀಗೆಯೇ ತಪ್ಪು ಕಲ್ಪನೆ ಇದೆ. ಇಸಾರ ಕೊಟ್ಟರೆ ಮಾತ್ರ ಸೌದಾ ಎನ್ನುತ್ತೇವೆ. ಇಸಾರ ಸೌದಾಕ್ಕೆ ಸಾಕ್ಷಿ, ಸೌದಾದ ಜೀವವಲ್ಲ. ಇಸಾರವಿಲ್ಲದೆಯೂ ಕರಾರು ಆಗುತ್ತದೆ. ಆದರೂ ಇಸಾರ ಪಡೆಯಿರಿ, ಏಕೆಂದರೆ ಸಾಕ್ಷಿಯಿಲ್ಲದ ಸತ್ಯ ಕೋರ್ಟಿನಲ್ಲಿ ಕುಂಟುತ್ತದೆ.

ಮನೆಯಲ್ಲಿ ನೀವಿಲ್ಲದಾಗ ಹದಿನಾರರ ಮಗ ಫೋನಿನಲ್ಲಿ ಸೌದಾ ಮಾಡಿಬಿಟ್ಟರೆ? ಅಪ್ರಾಪ್ತನ ಕರಾರು ಆರಂಭದಿಂದಲೇ ಶೂನ್ಯವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿದೆ. ಆದರೆ "ಇಷ್ಟು ಬಂದರೆ ಕೊಟ್ಟುಬಿಡು" ಎಂದು ನೀವೇ ಅವನಿಗೆ ಹೇಳಿಹೋಗಿದ್ದರೆ ಅವನ ಮಾತು ನಿಮ್ಮ ಮಾತು. ಆಗ ಕಟ್ಟುಬೀಳುವವರು ನೀವು.

ಯಾವ ಮಾಲೆಂದು ಬಿಡಿಸಿ ಹೇಳಿ

ಬೆಳೆ ಕೈಸೇರುವ ಮುಂಚೆಯೇ ಮಾತು ಕೊಡುವವರು ಇದನ್ನು ಗಮನವಿಟ್ಟು ಓದಿರಿ. ಇಂಗ್ಲೆಂಡಿನಲ್ಲಿ ಒಬ್ಬ ರೈತ ತನ್ನ ನಿರ್ದಿಷ್ಟ ಹೊಲದಲ್ಲಿ ಬೆಳೆಯುವ ಆಲೂಗಡ್ಡೆಯಲ್ಲಿ 200 ಟನ್ ಕೊಡುವುದಾಗಿ ಒಪ್ಪಿದ್ದ. ರೋಗ ಬಿದ್ದು ಸುಮಾರು 80 ಟನ್ ಮಾತ್ರ ಕೈಗೆ ಬಂತು. ಉಳಿದದ್ದಕ್ಕೆ ಅವನು ಪರಿಹಾರ ಕೊಡಬೇಕಿಲ್ಲವೆಂದು 1876ರಲ್ಲಿ ತೀರ್ಪಾಯಿತು, ಏಕೆಂದರೆ ಮಾತು ಆದದ್ದು ಆ ಹೊಲದ ಬೆಳೆಗೆ. ಮಾಡಲು ಅಸಾಧ್ಯವಾದ ಕೆಲಸದ ಕರಾರು ಶೂನ್ಯವಾಗುತ್ತದೆಂದು ನಮ್ಮ ಕಾಯಿದೆಯ 56ನೇ ಕಲಮೂ ಹೇಳುತ್ತದೆ. ಆದರೆ ನೀವು ಬರಿದೇ "20 ಕ್ವಿಂಟಲ್ ತೊಗರಿ ಕೊಡುತ್ತೇನೆ" ಎಂದರೆ, ನಿಮ್ಮ ಹೊಲ ಒಣಗಿದರೂ ಪೇಟೆಯಲ್ಲಿ ತೊಗರಿ ಸಿಗುತ್ತದಲ್ಲ, ಕೊಂಡುತಂದು ಕೊಡು ಎನ್ನಲು ಅವನಿಗೆ ದಾರಿಯಾಗುತ್ತದೆ. ಆದ್ದರಿಂದ "ನನ್ನ ಇಂಥ ಸರ್ವೆ ನಂಬರಿನ ಹೊಲದಲ್ಲಿ ಬಂದ ಬೆಳೆಯಲ್ಲಿ" ಎಂಬ ಮಾತು ಬರೆಸಿ.

ಮಾತು ತಪ್ಪಿದರೆ?

ಕರಾರು ಆದ ಮೇಲೆ ತಪ್ಪಿದವನು ಎದುರಿನವನಿಗಾದ ನಷ್ಟ ತುಂಬಿಕೊಡಬೇಕು. ಇದು 73ನೇ ಕಲಮು. ಲೆಕ್ಕ ಹೀಗೆ. ಉದಾಹರಣೆಗೆ ಒಪ್ಪಿದ ದರ ಕ್ವಿಂಟಲಿಗೆ 7,500 ರೂಪಾಯಿ, ಮಾಲು 20 ಕ್ವಿಂಟಲ್ ಎಂದಿಟ್ಟುಕೊಳ್ಳಿ. ಮಾಲು ಕೊಡಬೇಕಾದ ದಿನ ಪೇಟೆಯ ದರ 7,200 ಆಗಿದ್ದು ಖರೀದಿದಾರ ಬರದಿದ್ದರೆ, ವ್ಯತ್ಯಾಸ 300, ಒಟ್ಟು 6,000 ರೂಪಾಯಿ ನಿಮಗೆ ಬರಬೇಕು. ಅದೇ ದಿನ ದರ 8,000 ಆಗಿದ್ದು, ಹೆಚ್ಚಿನ ಆಸೆಗೆ ನೀವು ಬೇರೆಯವನಿಗೆ ಮಾರಿದರೆ, 500ರಂತೆ 10,000 ರೂಪಾಯಿ ನೀವು ಅವನಿಗೆ ಕೊಡಬೇಕಾದೀತು. ದರ ಏರಿದಾಗ ಮಾತು ಮರೆಯುವ ರೈತನಿಗೆ, ದರ ಇಳಿದಾಗ ಮರೆತ ವ್ಯಾಪಾರಿಯನ್ನು ದೂರುವ ಹಕ್ಕು ಉಳಿಯುವುದಿಲ್ಲ.

ಅವನು ಬರಲಿಲ್ಲವೆಂದು ಮಾಲನ್ನು ಕಣದಲ್ಲೇ ಕೊಳೆಯಿಸಿ ಪೂರ್ತಿ ಹಣ ಕೇಳುವಂತಿಲ್ಲ. ನಷ್ಟ ಕಡಿಮೆ ಮಾಡಿಕೊಳ್ಳುವುದು ನಿಮ್ಮ ಕರ್ತವ್ಯ. ಅವನಿಗೊಂದು ನೋಟೀಸು ಕೊಟ್ಟು, ಬೇಗ ಬೇರೆಡೆ ಮಾರಿ, ಪಕ್ಕಾ ಪಟ್ಟಿ ಜೋಪಾನ ಮಾಡಿ. ಆ ಪಟ್ಟಿಯೇ ನಿಮ್ಮ ನಷ್ಟದ ರುಜುವಾತು. ದಾವೆಗೆ ಮೂರು ವರ್ಷದ ಗಡುವಿದೆ.

ಕಬ್ಬು ಬೆಳೆಗಾರರಿಗೆ ಒಂದು ಹೆಚ್ಚಿನ ರಕ್ಷಣೆ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಕಬ್ಬು ಮುಟ್ಟಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇಕಡಾ 15ರ ಬಡ್ಡಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. 'ಬೇರೆ ಒಪ್ಪಂದ ಇಲ್ಲದಿದ್ದರೆ' ಎಂಬ ಮಾತನ್ನು ಗಮನಿಸಿ. ಅಚ್ಚು ಹಾಕಿದ ಕರಾರು ಪತ್ರಕ್ಕೆ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿದರೆ, ಕಾನೂನು ಕೊಟ್ಟ ರಕ್ಷಣೆಯನ್ನು ನೀವೇ ಕೈಯಾರೆ ಬಿಟ್ಟುಕೊಟ್ಟಂತಾದೀತು.

ನೆನಪಿನಲ್ಲಿಡಿ

1. ಚೀಲ, ಹಮಾಲಿ, ತೂಕ, ತೇವಾಂಶದ ಕಡಿತ, ಹಣದ ದಿನ, ಇವನ್ನೆಲ್ಲ ಒಪ್ಪುವ ಮುಂಚೆ ಕೇಳಿ ತಿಳಿಯಿರಿ. ಒಪ್ಪಿದ ಮೇಲೆ ಸೇರಿಸಲು ಬರುವುದಿಲ್ಲ.

2. ಒಪ್ಪುವಾಗ "ಆದರೆ" ಬೇಡ. ಷರತ್ತು ಹಾಕಿದರೆ ಎದುರಿನವನ ಸ್ಪಷ್ಟ ಒಪ್ಪಿಗೆ ಪಡೆದೇ ಏಳಿ.

3. "ನೋಡೋಣ", "ಆಗಲಿ ಬಿಡಿ", "ಮಾತಾಡೋಣ" ಎಂಬಂಥ ಮಾತುಗಳನ್ನು ಒಪ್ಪಿಗೆ ಎಂದು ಎಣಿಸಬೇಡಿ.

4. ಸೌದಾ ಆದಾಗ ಇಬ್ಬರು ನೆರೆಯವರು ಕಣದಲ್ಲಿರಲಿ. ಒಂದು ತುಂಡು ಚೀಟಿಯಾದರೂ, ಒಂದು ಸಂದೇಶವಾದರೂ ಇರಲಿ.

5. ಖಾಲಿ ಕಾಗದಕ್ಕೆ ಎಂದೂ ಸಹಿ, ಹೆಬ್ಬೆಟ್ಟು ಹಾಕಬೇಡಿ.

6. ವ್ಯಾಜ್ಯ ಬಂದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿರಿ. 1987ರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ. ಸಣ್ಣ ಮೊತ್ತದ ವ್ಯಾಜ್ಯಗಳಿಗೆ ಲೋಕ ಅದಾಲತ್ ಲೇಸು.

ಹುಡಗಿಯ ಆ ರೈತರನ್ನು ಮುಂದಿನ ಸುಗ್ಗಿಯಲ್ಲಿ ಮತ್ತೆ ಕಂಡೆ. ಕಣದಲ್ಲಿ ಸೋಯಾ ಅವರೆಯ ರಾಶಿ ಇತ್ತು, ಪಕ್ಕದಲ್ಲಿ ಒಬ್ಬ ಖರೀದಿದಾರ ಕೂತಿದ್ದ. ಚೀಲದ ಮಾತು, ಹಮಾಲಿಯ ಮಾತು, ಹಣದ ಮಾತು ಒಂದೊಂದಾಗಿ ಕೇಳಿ ಮುಗಿಸಿ, ನೆರೆಯ ಹೊಲದವರನ್ನು ಕೂಗಿ ಕರೆದು, ಆಮೇಲೆ ನಮ್ಮವರು "ಆಯ್ತರಿ" ಎಂದರು. ಅದರ ಮುಂದೆ ಒಂದು ಮಾತೂ ಸೇರಿಸಲಿಲ್ಲ. ಹೇಳಿದ ದಿನ ಗಾಡಿ ಬಂತೆಂದು ನಂತರ ತಿಳಿಯಿತು.

ರೈತ ಬಾಂಧವರೇ, ಬಿತ್ತುವ ಮುಂಚೆ ನಾವು ಹದ ನೋಡುತ್ತೇವೆ. ಮಾತು ಕೊಡುವ ಮುಂಚೆಯೂ ಹಾಗೆಯೇ ಹದ ನೋಡೋಣ. ಕೊಟ್ಟ ಮೇಲೆ ಉಳಿಸಿಕೊಳ್ಳೋಣ.